ಬಿಸಿಲಿಗೊಂದು ವೈನ್, ಕಟ್ಟಳೆಗೊಂದು ವೈನ್

ಫ್ರಾನ್ಸಿನ ಬರ್ಗಂಡಿಯಲ್ಲಿ ವೈನ್ ಮಾಡುವವರು ಹುದುಗುವ ದ್ರಾಕ್ಷಿರಸಕ್ಕೆ ಸಕ್ಕರೆ ಬೆರೆಸಬಹುದು. ಎಷ್ಟು ಎಂಬುದಕ್ಕೆ ಮಿತಿಯಿದೆ, ಬೆರೆಸುವುದು ಮಾತ್ರ ತಪ್ಪಲ್ಲ. ಅದೇ ಕೆಲಸವನ್ನು ಕ್ಯಾಲಿಫೋರ್ನಿಯಾದಲ್ಲಿ ಮಾಡಲು ಕಾನೂನು ಬಿಡುವುದಿಲ್ಲ. ಅಲ್ಲಿಯವರಿಗೆ ಅನುಮತಿ ಇರುವುದು ಹುಳಿ ಬೆರೆಸಲು. ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವನ್ನೇ ಅವರು ತೊಟ್ಟಿಗೆ ಸುರಿಯುತ್ತಾರೆ. ಆಸ್ಟ್ರೇಲಿಯಾದ ರೀತಿಯೂ ಇದೇ.

ಮೇಲ್ನೋಟಕ್ಕೆ ಎರಡು ಸರ್ಕಾರಗಳ ಎರಡು ನಿಯಮ, ಅಷ್ಟೇ. ಸ್ವಲ್ಪ ಕೆದಕಿದರೆ ವೈನ್ ಲೋಕದ ದೊಡ್ಡ ಭೇದವೊಂದು ಇದರೊಳಗೆ ಸಿಗುತ್ತದೆ. ಬರ್ಗಂಡಿಯ ತಂಪಿನಲ್ಲಿ ದ್ರಾಕ್ಷಿಗೆ ಹುಳಿ ಧಾರಾಳ, ಸಿಹಿಗೆ ಕೊರತೆ. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಸಿಹಿ ಧಾರಾಳ, ಹುಳಿಗೆ ಕೊರತೆ. ಬೆರೆಸಿದ ಸಕ್ಕರೆಯಿಂದ ವೈನ್ ಸಿಹಿಯಾಗುವುದಿಲ್ಲ. ಯೀಸ್ಟ್ ಅದನ್ನೂ ತಿಂದು ಆಲ್ಕೊಹಾಲ್ ಮಾಡಿಬಿಡುತ್ತದೆ. ಈ ಪದ್ಧತಿಗೆ ಹೆಸರು ಬಂದದ್ದು ಜಾನ್ ಅಂತ್ವಾನ್ ಶಾಪ್ತಾಲ್ ಎಂಬ ರಸಾಯನ ವಿಜ್ಞಾನಿಯಿಂದ. ಆತ ನೆಪೋಲಿಯನ್ನನ ಒಳಾಡಳಿತ ಸಚಿವನೂ ಆಗಿದ್ದ. ಬಿಸಿಲಿನ ಕೊರತೆಯನ್ನು ಚೀಲದ ಸಕ್ಕರೆಯಿಂದ ತುಂಬಿಕೊಳ್ಳುವ ವಿದ್ಯೆಗೆ ರಾಜಮುದ್ರೆ ಬಿದ್ದದ್ದು ಹೀಗೆ.

ವೈನ್ ಬಲ್ಲವರು ಭೂಪಟವನ್ನು ಹಳೆಯ ಜಗತ್ತು, ಹೊಸ ಜಗತ್ತು ಎಂದು ಎರಡಾಗಿ ಹಂಚುತ್ತಾರೆ. ಫ್ರಾನ್ಸ್, ಇಟಲಿ, ಸ್ಪೇನ್, ಜರ್ಮನಿ, ಪೋರ್ಚುಗಲ್ ಮುಂತಾದವು ಹಳೆಯವು. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ ಹೊಸವು. ಹಳೆಯ ಜಗತ್ತಿನ ವೈನಿನಲ್ಲಿ ಹುಳಿ ಮುಂದು, ಹಣ್ಣಿನ ರುಚಿ ಹಿಂದು, ಆಲ್ಕೊಹಾಲ್ ಹಿತಮಿತ. ಹೊಸದರಲ್ಲಿ ಮಾಗಿದ ಹಣ್ಣಿನ ರುಚಿಯೇ ಮುಂದು, ಓಕ್ ಪೀಪಾಯಿಯ ವೆನಿಲ್ಲಾ ಘಮ ಜೊತೆಗೆ, ಆಲ್ಕೊಹಾಲ್ ಒಂದು ಕೈ ಮೇಲು. ವೈನ್ ತರಗತಿಗಳ ಮೊದಲ ದಿನದ ಪಾಠವೇ ಇದು. ವರ್ಣನೆ ಸುಳ್ಳಲ್ಲ, ಆದರೆ ಕಾರಣ ವಯಸ್ಸಿನಲ್ಲಿಲ್ಲ. ಒಂದು ಊರಿನ ವೈನ್ ಹೀಗೆಯೇ ಇರಬೇಕೆಂದು ತೀರ್ಮಾನಿಸುವುದು ಆ ಊರಿನ ಬಿಸಿಲು, ಅಲ್ಲಿನ ಕಟ್ಟಳೆ ಮತ್ತು ಕೊಳ್ಳುವವರ ನಾಲಿಗೆ. ಈ ಮೂರೂ ಈಗ ಜಾಗ ಬದಲಿಸುತ್ತಿವೆ.

ವಯಸ್ಸಿನ ಲೆಕ್ಕ ತಾಳೆಯಾಗದು

ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಮೊದಲ ಬಾರಿ ದ್ರಾಕ್ಷಿ ಹಿಂಡಿದ ಸಂಗತಿಯನ್ನು ಡಚ್ ಅಧಿಕಾರಿ ಯಾನ್ ವಾನ್ ರೀಬೆಕ್ ತನ್ನ ದಿನಚರಿಯಲ್ಲಿ ಬರೆದಿಟ್ಟದ್ದು 1659ರ ಫೆಬ್ರುವರಿ 2ರಂದು. ಆ ಶತಮಾನದಲ್ಲಿ ಫ್ರಾನ್ಸಿನ ಬೋರ್ಡೊ ಪಕ್ಕದ ಮೆದೊಕ್ ಎಂಬಲ್ಲಿ ಜೌಗುನೆಲವೇ ಹೆಚ್ಚು. ಡಚ್ ಎಂಜಿನಿಯರರು ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ಬಳ್ಳಿ ಹಬ್ಬಿತು. ಇಂದು ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆ ಬಾಳುವ ಬೋರ್ಡೊ ವೈನ್‌ಗಳಲ್ಲಿ ಹಲವು ಈ ಮೆದೊಕ್‌ನವೇ. ಅಂದರೆ 'ಹೊಸ' ಕೇಪ್ ಮತ್ತು 'ಹಳೆಯ' ಮೆದೊಕ್ ಹೆಚ್ಚುಕಡಿಮೆ ಒಂದೇ ವಾರಿಗೆಯವು. ಮೆಕ್ಸಿಕೊ, ಪೆರು, ಚಿಲಿಗಳಲ್ಲಿ ಸ್ಪೇನಿನವರು ಬಳ್ಳಿ ನೆಟ್ಟದ್ದು ಇವೆರಡಕ್ಕಿಂತಲೂ ಮೊದಲು, 16ನೇ ಶತಮಾನದಲ್ಲಿ.

ಬಳ್ಳಿಯ ಬೇರನ್ನು ಕೆದಕಿದರೆ ಲೆಕ್ಕ ಮತ್ತಷ್ಟು ತಲೆಕೆಳಗಾಗುತ್ತದೆ. 1860ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಸಣ್ಣ ಕೀಟ ಅಮೆರಿಕದಿಂದ ಫ್ರಾನ್ಸಿಗೆ ಬಂದು, ಬೇರು ಹೀರಿ, ಕೆಲವೇ ದಶಕಗಳಲ್ಲಿ ಯುರೋಪಿನ ತೋಟಗಳನ್ನು ಒಣಗಿಸಿಬಿಟ್ಟಿತು. ಕೊನೆಗೆ ಸಿಕ್ಕ ಉಪಾಯ ಕಸಿ. ಆ ಕೀಟದ ಜೊತೆಗೇ ಬೆಳೆದು ಬಂದ ಅಮೆರಿಕದ ಕಾಡುಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಟ್ಟಿದರು. ಇಂದು ಹಳೆಯ ಜಗತ್ತಿನ ಬಹುಪಾಲು ಬಳ್ಳಿಗಳು ನಿಂತಿರುವುದು ಹೊಸ ಜಗತ್ತಿನ ಬೇರಿನ ಮೇಲೆ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಅವರು ನೆಚ್ಚಿಕೊಂಡ ಡಾಗ್‌ರಿಜ್ ಬೇರುಗಿಡವೂ ಅಮೆರಿಕ ಮೂಲದ್ದೇ.

ಅದೇ ಹೊತ್ತಿಗೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ಈ ಕೀಟ ಕಾಲಿಡಲೇ ಇಲ್ಲ. ಅಲ್ಲಿನ ಬರೋಸಾ ಕಣಿವೆಯಲ್ಲಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಎಂಬ ದ್ರಾಕ್ಷಿಯ ಬಳ್ಳಿಗಳು ಸ್ವಂತ ಬೇರಿನ ಮೇಲೆ ಇಂದಿಗೂ ಕಾಯಿ ಬಿಡುತ್ತಿವೆ. ಲೋಕದ ಅತ್ಯಂತ ಹಳೆಯ ಶಿರಾಜ್ ಬಳ್ಳಿಗಳನ್ನು ನೋಡಬೇಕೆಂದರೆ ಹೋಗಬೇಕಾದದ್ದು ಈ ಹೊಸ ಜಗತ್ತಿಗೇ.

ಕಾಯಿ ಮಾಗುವಾಗ ನಡೆಯುವುದೇನು?

ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿನಿಂದ ಕೊಯ್ಲಿನವರೆಗೆ ಅದರೊಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಎಲೆ ತಯಾರಿಸಿದ ಸಕ್ಕರೆ ಕಾಯಿಗೆ ಇಳಿಯುತ್ತದೆ. ಕಾಯಿಯಲ್ಲಿದ್ದ ಮ್ಯಾಲಿಕ್ ಆಮ್ಲ ಕರಗುತ್ತದೆ. ಶಾಖ ಹೆಚ್ಚಿದಷ್ಟೂ ಎರಡೂ ಚುರುಕು. ರಾತ್ರಿ ತಂಪಾದರೆ ಆಮ್ಲ ಕರಗುವ ವೇಗ ತಗ್ಗುತ್ತದೆ. ಹಗಲು ಸುಡುವ, ರಾತ್ರಿ ಚಳಿ ಹಿಡಿಯುವ ಎತ್ತರದ ತೋಟಗಳಿಗೆ ಬೆಲೆ ಬರುವುದು ಇದಕ್ಕೇ.

ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೊಹಾಲ್ ಆಗುತ್ತದೆ. ಶೇ 12ರ ವೈನಿಗೆ ಲೀಟರಿಗೆ 205 ಗ್ರಾಂ ಆಸುಪಾಸು ಸಕ್ಕರೆ ಸಾಕು, ಶೇ 15ಕ್ಕೆ 255 ಗ್ರಾಂ ಬೇಕು. ತಂಪು ಊರಿನ ರೈತ 205 ಮುಟ್ಟುವಷ್ಟರಲ್ಲಿ ಮಳೆಗಾಲ ಬಂದು ಕಾಯಿ ಕೊಳೆಯುವ ಭಯ. ಬಿಸಿಲೂರಿನ ರೈತನಿಗೆ ಅಂಥ ಭಯವಿಲ್ಲ. ಸಿಪ್ಪೆಯ ಒಗರು ಇಳಿಯಲಿ, ಬೀಜ ಕಂದಾಗಲಿ ಎಂದು ಇನ್ನೂ ಎರಡು ವಾರ ಕಾಯುತ್ತಾನೆ, ಅಷ್ಟರಲ್ಲಿ ಸಕ್ಕರೆ 255 ದಾಟಿರುತ್ತದೆ. ಹಳೆಯದರ ಚುರುಕು ಹುಳಿಯೂ ಹೊಸದರ ದಪ್ಪ ಮೈಯೂ ಮೊದಲು ಹುಟ್ಟುವುದು ಕೊಯ್ಲಿನ ತಾರೀಖಿನಲ್ಲಿ.

ಹಾಗೆಂದು ಹೊಸ ಜಗತ್ತೆಲ್ಲ ಬಿಸಿ ಎಂದುಕೊಂಡರೆ ನ್ಯೂಜಿಲೆಂಡ್ ಅಡ್ಡ ಬರುತ್ತದೆ. ಅಲ್ಲಿನ ಮಾರ್ಲ್‌ಬರೊದಲ್ಲಿ ಇಂದಿನ ವಾಣಿಜ್ಯ ತೋಟಗಳು ಶುರುವಾದದ್ದು 1973ರಲ್ಲಿ. ಕುರಿ ಮೇಯುತ್ತಿದ್ದ ಬಯಲಿನಲ್ಲಿ ಕೆಲಕಾಲದ ಬಳಿಕ ಸೊವಿನ್ಯೊಂ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ನೆಟ್ಟರು. ಊರು ತಂಪು, ವೈನಿನ ಹುಳಿ ಹರಿತ. ಆದರೂ ಅದು ಫ್ರಾನ್ಸಿನ ಸಾನ್ಸೇರ್ ಊರಿನ ಸೊವಿನ್ಯೊಂಗಿಂತ ತೀರ ಬೇರೆ. ಸಾನ್ಸೇರ್‌ನದು ಸಂಕೋಚದ ಸ್ವಭಾವ. ಮಾರ್ಲ್‌ಬರೊದ್ದು ಬಾಟಲಿ ತೆರೆದ ಕೂಡಲೇ ಪ್ಯಾಶನ್ ಹಣ್ಣಿನ ವಾಸನೆ ಮೂಗಿಗೆ ನುಗ್ಗುವಂಥದ್ದು. ಆ ವಾಸನೆಗೆ ಕಾರಣ ಥಯಾಲ್ ಎಂಬ ಗಂಧಕದ ಸಂಯುಕ್ತಗಳು. ಕೈಯಲ್ಲಿ ಕೊಯ್ದ ಗೊಂಚಲಿಗಿಂತ ಯಂತ್ರದಿಂದ ಅಲುಗಿಸಿ ಉದುರಿಸಿದ ಕಾಯಿಯ ವೈನಿನಲ್ಲಿ ಇವು ಹೆಚ್ಚೆಂದು ನ್ಯೂಜಿಲೆಂಡಿನ ಸಂಶೋಧಕರು ಕಂಡುಕೊಂಡಿದ್ದಾರೆ. ಯಂತ್ರಕ್ಕೆ ಸಿಕ್ಕ ಕಾಯಿ ಒಡೆಯುತ್ತದೆ, ರಸವೂ ಸಿಪ್ಪೆಯೂ ತೋಟದಲ್ಲೇ ಬೆರೆಯುತ್ತವೆ. ಕೂಲಿ ದುಬಾರಿಯಾದ ದೇಶ ಯಂತ್ರ ಇಳಿಸಿತು. ಯಂತ್ರದ ಗುಣ ರುಚಿಗೂ ಇಳಿಯಿತು.

ಒಂದೇ ಬಳ್ಳಿ, ಎರಡು ಊರು

ಸಿರಾ ಮತ್ತು ಶಿರಾಜ್ ಒಂದೇ ದ್ರಾಕ್ಷಿ. ಪರ್ಷಿಯಾದ ಶಿರಾಜ್ ನಗರದಿಂದ ಬಂದದ್ದೆಂಬ ಕಥೆ ಬಹುಕಾಲ ಓಡಿತು. 1990ರ ದಶಕದ ಕೊನೆಯ ಡಿಎನ್‌ಎ ಪರೀಕ್ಷೆ ಅದಕ್ಕೆ ತೆರೆ ಎಳೆದು, ಇದರ ತಂದೆತಾಯಿ ಎರಡೂ ಫ್ರಾನ್ಸಿನ ಆಗ್ನೇಯ ಭಾಗದ ತಳಿಗಳೆಂದು ತೋರಿಸಿತು. ಈ ಬಳ್ಳಿಯ ಫ್ರೆಂಚ್ ತವರುಗಳಲ್ಲಿ ಒಂದು ರೋನ್ ನದಿಯ ದಡದ ಎರ್ಮಿತಾಜ್ ಗುಡ್ಡ.

ಗುಡ್ಡ ದೊಡ್ಡದೇನಲ್ಲ, ಅಲ್ಲಿನ ಒಟ್ಟು ತೋಟ ನೂರ ಮೂವತ್ತು ಚಿಲ್ಲರೆ ಹೆಕ್ಟೇರ್. ಗ್ರಾನೈಟ್ ಇಳಿಜಾರಿಗೆ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ನೆಟ್ಟಿದ್ದಾರೆ. ಮಿಸ್ತ್ರಾಲ್ ಎಂಬ ಬಡಗಣ ಗಾಳಿ ಬೀಸಿದರೆ ಬಳ್ಳಿ ಮುರಿದೀತೆಂದು ಒಂದೊಂದಕ್ಕೂ ಒಂದೊಂದು ಗೂಟ. ಇಳಿಜಾರಿನಲ್ಲಿ ಯಂತ್ರ ಹತ್ತದು, ಕೊಯ್ಲೆಲ್ಲ ಕೈಯಲ್ಲೇ. ಕಟ್ಟೆಗಳ ಮೇಲೆ ವೈನ್ ಮನೆತನಗಳು ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿವೆ, ಕೆಳಗೆ ಹೋಗುವ ರೈಲಿನಿಂದಲೇ ಓದಬಹುದು. ಇಲ್ಲಿನ ಸಿರಾ ಎಳೆಯದಿದ್ದಾಗ ಬಿಗಿ. ಒಗರು ಗಟ್ಟಿ, ಕಪ್ಪು ಹಣ್ಣಿನ ಹಿಂದೆ ಕರಿಮೆಣಸಿನ ಘಾಟು, ಹೊಗೆಯ ಛಾಯೆ. ಹತ್ತಾರು ವರ್ಷ ನೆಲಮಾಳಿಗೆಯಲ್ಲಿ ಮಲಗಿಸಿದರೆ ಹದಕ್ಕೆ ಬರುತ್ತದೆ.

ಬರೋಸಾದಲ್ಲಿ ನೆಲ ಬಹುಪಾಲು ಬಯಲು, ಬೇಸಿಗೆ ಉದ್ದ, ಕೊಯ್ಲು ಶುರುವಾಗುವುದು ಫೆಬ್ರುವರಿಯಲ್ಲಿ. ಧರ್ಮದ ವಿಚಾರದಲ್ಲಿ ರಾಜನೊಡನೆ ಜಗಳವಾಗಿ ಪ್ರಷ್ಯದಿಂದ ವಲಸೆ ಬಂದ ಲೂಥರನ್ ರೈತರು ನೆಲೆಯೂರಿದ ಊರಿದು. ಇಲ್ಲಿನ ಶಿರಾಜ್ ಬಾಯಿ ತುಂಬುವ ವೈನ್. ಮಾಗಿದ ಬೆರಿ ಹಣ್ಣು, ಚಾಕೊಲೇಟಿನ ನೆನಪು, ನಯವಾದ ಒಗರು, ಆಲ್ಕೊಹಾಲ್ ಹಲವು ಬಾರಿ ಶೇ 14.5 ದಾಟುತ್ತದೆ. ಕೊಂಡ ದಿನವೇ ಕುಡಿದರೂ ಮುನಿಸಿಕೊಳ್ಳದು.

ಎರ್ಮಿತಾಜ್‌ನಲ್ಲಿ ಎದ್ದು ಕಾಣುವ ಮೆಣಸಿನ ಘಾಟು ಬರೋಸಾದಲ್ಲಿ ಏಕೆ ಮಂಕು? ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಇದರ ಮೂಲ ಪ್ರಕಟಿಸಿದರು: ರೊಟಂಡೋನ್ ಎಂಬ ಸಂಯುಕ್ತ. ನಮ್ಮ ಮಲೆನಾಡಿನ ಕರಿಮೆಣಸಿನಲ್ಲಿ ಘಮಘಮಿಸುವುದೂ ಇದೇ ವಸ್ತು. ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಇಪ್ಪತ್ತು ಭಾಗ ಒಂದು ಲೀಟರ್ ವೈನಿನಲ್ಲಿದ್ದರೂ ಮೂಗು ಹಿಡಿಯುತ್ತದೆ. ತಮಾಷೆಯೆಂದರೆ ಐವರಲ್ಲಿ ಒಬ್ಬರಿಗೆ ಎಷ್ಟು ಹಾಕಿದರೂ ಇದರ ವಾಸನೆಯೇ ತಿಳಿಯದು. ತಂಪು ತೋಟದ ದ್ರಾಕ್ಷಿಯಲ್ಲಿ ರೊಟಂಡೋನ್ ಹೆಚ್ಚು ಉಳಿಯುತ್ತದೆ, ಬಿಸಿಲು ಏರಿದಂತೆ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದಲ್ಲೇ ವಿಕ್ಟೋರಿಯಾ ರಾಜ್ಯದ ತಂಪು ಗ್ರಾಂಪಿಯನ್ಸ್ ಬೆಟ್ಟದ ಶಿರಾಜ್‌ನಲ್ಲಿ ಮೆಣಸು ದಂಡಿಯಾಗಿ ಸಿಗುತ್ತದೆ. ಹಾಗಾದರೆ ಮೆಣಸಿನ ಘಾಟು ಫ್ರಾನ್ಸಿನ ಸ್ವತ್ತಲ್ಲ, ತಂಪಿನ ಸ್ವತ್ತು.

ಹೊಸ ಜಗತ್ತಿನ ಮನೋಧರ್ಮ ತಿಳಿಯಲು ಇದೇ ಶಿರಾಜ್‌ನ ಇನ್ನೊಂದು ಕಥೆ ಸಾಕು. ಪೆನ್‌ಫೋಲ್ಡ್ಸ್ ಕಂಪನಿಯ ಮ್ಯಾಕ್ಸ್ ಶೂಬರ್ಟ್ 1950ರಲ್ಲಿ ಯುರೋಪಿಗೆ ಹೋದಾಗ ಬೋರ್ಡೊದ ದೀರ್ಘಾಯುಷಿ ವೈನ್‌ಗಳ ರುಚಿ ನೋಡಿದ. ತನ್ನ ನಾಡಿನಲ್ಲೂ ಅಂಥದ್ದೊಂದು ಮಾಡಬೇಕೆಂದು ಹೊರಟವನಿಗೆ ಬೋರ್ಡೊದ ಕ್ಯಾಬರ್ನೆ ದ್ರಾಕ್ಷಿ ಸಾಕಷ್ಟು ಸಿಗಲಿಲ್ಲ, ಶಿರಾಜ್ ತೆಗೆದುಕೊಂಡ. ಫ್ರೆಂಚ್ ಓಕ್ ಬದಲು ವೆನಿಲ್ಲಾ, ಕೊಬ್ಬರಿಯ ಘಮ ಬಿಡುವ ಅಮೆರಿಕನ್ ಓಕ್ ಪೀಪಾಯಿ ಬಳಸಿದ. 1951ರಲ್ಲಿ ಹುಟ್ಟಿದ 'ಗ್ರೇಂಜ್' ಆರಂಭದಲ್ಲಿ ಯಾರಿಗೂ ಹಿಡಿಸಲಿಲ್ಲ. 1957ರಲ್ಲಿ ಕಂಪನಿ ನಿಲ್ಲಿಸೆಂದು ಅಪ್ಪಣೆ ಮಾಡಿದರೂ ಆತ ಮೂರು ವರ್ಷ ಗುಟ್ಟಾಗಿ ಮಾಡಿಟ್ಟ. ಹಳೆಯ ಬಾಟಲಿಗಳು ಮಾಗಿ ರುಚಿ ತೋರಿದ ಮೇಲೆ 1960ರಲ್ಲಿ ಅಪ್ಪಣೆ ಹಿಂದಕ್ಕೆ ಹೋಯಿತು. ಇಂದು ಅದು ಆಸ್ಟ್ರೇಲಿಯಾದ ಅತ್ಯಂತ ಪ್ರಸಿದ್ಧ ವೈನ್. ಗ್ರೇಂಜ್‌ಗೆ ಒಂದು ತೋಟವೆಂಬುದಿಲ್ಲ. ಆಯಾ ವರ್ಷ ಎಲ್ಲಿ ಚೆನ್ನಾಗಿದೆಯೋ ಅಲ್ಲಿಂದ ಹಣ್ಣು ತಂದು ಬೆರೆಸುತ್ತಾರೆ. ಬರ್ಗಂಡಿಯವರ ಕಿವಿಗೆ ಇದು ಅಪಚಾರ.

ಊರೇ ಮುಖ್ಯ ಎನ್ನುವವರು

ಬರ್ಗಂಡಿಯಲ್ಲಿ ಕ್ಲೊ ದ ವೂಜೊ ಎಂಬ ತೋಟವಿದೆ. ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 50 ಹೆಕ್ಟೇರ್ ಬಳ್ಳಿ. ಮಧ್ಯಯುಗದಲ್ಲಿ ಸಿಸ್ಟರ್ಶಿಯನ್ ಪಂಥದ ಸನ್ಯಾಸಿಗಳು ಬೆಳೆಸಿದ ಈ ತೋಟ ಫ್ರೆಂಚ್ ಕ್ರಾಂತಿಯಲ್ಲಿ ಅವರ ಕೈತಪ್ಪಿ, ಪಾಲಾಗುತ್ತ ಪಾಲಾಗುತ್ತ ಇಂದು ಎಂಬತ್ತಕ್ಕೂ ಹೆಚ್ಚು ಮಾಲೀಕರ ಕೈಯಲ್ಲಿದೆ. ಕೆಲವರಿಗೆ ಇರುವುದು ಬರೀ ಒಂದೆರಡು ಸಾಲು. ಆದರೂ ಎಲ್ಲರ ಬಾಟಲಿಯ ಮೇಲೂ ತೋಟದ ಹೆಸರೇ ದೊಡ್ಡದು, ದ್ರಾಕ್ಷಿಯ ಹೆಸರು ಹಾಕುವ ರೂಢಿಯಿಲ್ಲ. ಇಲ್ಲಿನ ಕೆಂಪು ವೈನ್ ಪಿನೊ ನುವಾರ್ ದ್ರಾಕ್ಷಿಯದ್ದೆಂದು ಕೊಳ್ಳುವವರಿಗೆ ಗೊತ್ತಿರಬೇಕೆಂಬುದು ಅವರ ಲೆಕ್ಕ.

ಈ ಗೊತ್ತುಪಾಡಿನ ಬೆನ್ನಿಗೆ ಕಟ್ಟಳೆಯ ಇತಿಹಾಸ ಉದ್ದವಿದೆ. 1395ರಲ್ಲೇ ಬರ್ಗಂಡಿಯ ಡ್ಯೂಕ್ ಫಿಲಿಪ್, ಇಳುವರಿ ಹೆಚ್ಚಿದ್ದರೂ ರುಚಿ ಕೆಟ್ಟದ್ದೆಂದು ಗಾಮೆ ದ್ರಾಕ್ಷಿಯನ್ನು ಕಿತ್ತೆಸೆಯಲು ಆಜ್ಞೆ ಹೊರಡಿಸಿದ್ದ. ಫಿಲೊಕ್ಸೆರಾ ನಂತರ ವೈನ್ ಅಭಾವವಾಗಿ ಕಲಬೆರಕೆ, ಸುಳ್ಳು ಹೆಸರಿನ ಮಾರಾಟ ಮಿತಿಮೀರಿದಾಗ 20ನೇ ಶತಮಾನದ ಕಾನೂನು ಹುಟ್ಟಿತು. ಶಾತೊನೆಫ್ ದ್ಯು ಪಾಪ್ ಊರಿನಲ್ಲಿ ವಕೀಲ ಮತ್ತು ಬೆಳೆಗಾರ ಬ್ಯಾರನ್ ಲ ರ್ವಾ 1920ರ ದಶಕದಲ್ಲಿ ತನ್ನ ಊರಿಗೆ ಬರೆದ ನಿಯಮಗಳು ದೇಶಕ್ಕೇ ಮಾದರಿಯಾದವು. 1935ರಲ್ಲಿ ಫ್ರಾನ್ಸ್ ರಾಷ್ಟ್ರೀಯ ವ್ಯವಸ್ಥೆ ತಂದಿತು. ಯಾವ ಗಡಿಯೊಳಗೆ ಯಾವ ದ್ರಾಕ್ಷಿ, ಹೆಕ್ಟೇರಿಗೆ ಎಷ್ಟು ಇಳುವರಿ, ಕನಿಷ್ಠ ಎಷ್ಟು ಆಲ್ಕೊಹಾಲ್, ಬಳ್ಳಿಯನ್ನು ಹೇಗೆ ಕತ್ತರಿಸಬೇಕು, ಎಲ್ಲಕ್ಕೂ ನಿಯಮ. ಕಟ್ಟಳೆಯ ಹುಮ್ಮಸ್ಸು ಎಷ್ಟೆಂದರೆ 1954ರಲ್ಲಿ ಇದೇ ಶಾತೊನೆಫ್‌ನ ಪುರಸಭೆ ಹಾರುವ ತಟ್ಟೆಗಳು ತನ್ನ ತೋಟಗಳಲ್ಲಿ ಇಳಿಯಕೂಡದೆಂದೂ ಆದೇಶ ಮಾಡಿತು. ಕ್ಯಾಲಿಫೋರ್ನಿಯಾದ ವೈನ್ ತಯಾರಕರೊಬ್ಬರು ಅದೇ ಶೈಲಿಯ ತಮ್ಮ ವೈನಿಗೆ ಫ್ರೆಂಚ್ ಭಾಷೆಯಲ್ಲಿ ಹಾರುವ ತಟ್ಟೆಯ ಹೆಸರನ್ನೇ ಇಟ್ಟು ನಕ್ಕರು.

ಈ ನಿಯಮಗಳನ್ನು ಹಾಗೆಯೇ ಅರ್ಜೆಂಟೀನಾದ ಮೆಂಡೋಸಾಕ್ಕೆ ಒಯ್ದರೆ ಬಳ್ಳಿ ಒಣಗುತ್ತದೆ. ಫ್ರಾನ್ಸಿನ ಹೆಸರಾಂತ ಪ್ರದೇಶಗಳಲ್ಲಿ ನೀರು ಹಾಯಿಸುವುದಕ್ಕೆ ಬಹುಕಾಲ ನಿಷೇಧ, ಈಗಲೂ ಬಿಗಿ. ಬೋರ್ಡೊದಲ್ಲಿ ವರ್ಷಕ್ಕೆ 900 ಮಿಲಿಮೀಟರ್ ಆಸುಪಾಸು ಮಳೆ ಬೀಳುವಾಗ ಅದು ಸರಿ. ಮೆಂಡೋಸಾದಲ್ಲಿ ಬೀಳುವುದು ಸುಮಾರು 200. ಅಲ್ಲಿ ಆಂಡಿಸ್ ಪರ್ವತದ ಹಿಮ ಕರಗಿದ ನೀರು ಕಾಲುವೆಯಲ್ಲಿ ಹರಿದು ಬಂದರಷ್ಟೇ ಹಸಿರು. ಫ್ರಾನ್ಸಿನ ಕಾವೋರ್‌ನಲ್ಲಿ ಕಪ್ಪಗೆ, ಒಗರೊಗರಾಗಿದ್ದ ಮಾಲ್ಬೆಕ್ ದ್ರಾಕ್ಷಿ ಇಲ್ಲಿನ ಎತ್ತರದ ಬಿಸಿಲಿನಲ್ಲಿ ಮೃದುವಾಗಿ ದೇಶದ ಗುರುತಾಯಿತು.

ಕಟ್ಟಳೆ ಕಾಯುತ್ತದೆ, ಕಟ್ಟಿಯೂ ಹಾಕುತ್ತದೆ. ಇಟಲಿಯ ಕಿಯಾಂಟಿ ವೈನಿಗೆ 1967ರ ನಿಯಮ ಕೆಂಪು ದ್ರಾಕ್ಷಿಯ ಜೊತೆ ಬಿಳಿ ದ್ರಾಕ್ಷಿ ಸೇರಲೇಬೇಕೆಂದಿತು. ಟಸ್ಕನಿಯ ಕೆಲವರು ನಿಮ್ಮ ಹೆಸರೂ ಬೇಡ, ನಿಯಮವೂ ಬೇಡ ಎಂದು ಹೊರಬಿದ್ದರು. ಬೋಲ್ಗೆರಿಯ 'ಸಸಿಕಾಯಾ' ಫ್ರಾನ್ಸಿನ ಕ್ಯಾಬರ್ನೆಯಿಂದ ಮಾಡಿದ ವೈನ್. ಅಂಗಡಿಗೆ ಬಂದ ಮೊದಲ ಫಸಲು 1968ರದ್ದು. ಸ್ಥಳೀಯ ನಿಯಮಕ್ಕೆ ಒಗ್ಗದ ಕಾರಣ ಅದಕ್ಕೆ ಸಿಕ್ಕ ದರ್ಜೆ 'ಊಟದ ಮೇಜಿನ ವೈನ್', ಅಂದರೆ ತೀರ ಕೆಳಗಿನದು. ಬೆಲೆ ಮಾತ್ರ ಆಕಾಶಕ್ಕೆ. 1994ರಲ್ಲಿ ಸರ್ಕಾರವೇ ಸೋತು ಅದಕ್ಕೆ ಹೊಂದುವ ನಿಯಮ ಬರೆಯಿತು. ಹೊಸ ಜಗತ್ತಿನ ಸ್ವಭಾವದ ವೈನ್ ಹಳೆಯ ಜಗತ್ತಿನ ನಡುಮನೆಯಲ್ಲೇ ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೊಸ ಜಗತ್ತಿನಲ್ಲಿ ನಿಯಮವೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಹಾಕಬೇಕಾದರೆ ಅದು ಸಾಮಾನ್ಯವಾಗಿ ಶೇ 75ರಷ್ಟಾದರೂ ಇರಬೇಕು, ಆಸ್ಟ್ರೇಲಿಯಾದಲ್ಲಿ ಶೇ 85. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಗೆ 1981ರಲ್ಲೇ ಗಡಿ ಗುರುತಾಯಿತು. ಆದರೆ ಆ ಗಡಿಯೊಳಗೆ ಏನು ನೆಡಬೇಕೆಂದು ಯಾರೂ ಹೇಳುವುದಿಲ್ಲ. ಅಲ್ಲಿನ ಕಾನೂನು ಕೊಳ್ಳುವವನಿಗೆ ಮೋಸವಾಗದಂತೆ ನೋಡುತ್ತದೆ. ಊರಿನ ರುಚಿ ಹೀಗೇ ಇರಲಿ ಎಂದು ಕಾಯುವುದು ಅದರ ಕೆಲಸವಲ್ಲ.

ನಾಲಿಗೆಯ ರಾಜಕೀಯ

1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಲೇಬಲ್ ಮುಚ್ಚಿ ಒಂದು ರುಚಿಪರೀಕ್ಷೆ ನಡೆಸಿದ. ಒಂಬತ್ತು ಫ್ರೆಂಚ್ ತೀರ್ಪುಗಾರರ ಮುಂದೆ ಕ್ಯಾಲಿಫೋರ್ನಿಯಾದ ಮತ್ತು ಫ್ರಾನ್ಸಿನ ವೈನ್‌ಗಳಿದ್ದವು. ಬಿಳಿಯಲ್ಲಿ ಶಾತೊ ಮಾಂಟೆಲೆನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್, ಎರಡರಲ್ಲೂ ನಾಪಾದ 1973ರ ವೈನೇ ಮೊದಲಾಯಿತು. ಅಲ್ಲಿದ್ದ ಒಬ್ಬನೇ ಪತ್ರಕರ್ತ, ಟೈಮ್ ವಾರಪತ್ರಿಕೆಯ ಜಾರ್ಜ್ ಟೇಬರ್, ಸುದ್ದಿಯನ್ನು ಲೋಕಕ್ಕೆ ಮುಟ್ಟಿಸಿದ. ತೀರ್ಪುಗಾರರೊಬ್ಬರು ನಾಪಾದ ಬಿಳಿ ವೈನ್ ಹೀರಿ, ಅಂತೂ ಫ್ರಾನ್ಸಿಗೆ ಮರಳಿದೆವೆಂದು ನೆಮ್ಮದಿಪಟ್ಟದ್ದನ್ನೂ ಆತ ದಾಖಲಿಸಿದ.

ಹೊಸದು ಹಳೆಯದನ್ನು ಸೋಲಿಸಿತೆಂದೇ ಈ ಪ್ರಸಂಗವನ್ನು ಹೇಳುವುದು ರೂಢಿ. ನನಗೆ ಕಾಣುವ ಸ್ವಾರಸ್ಯ ಬೇರೆ. ಬಲ್ಲವರಿಗೇ ಎರಡರ ನಡುವಿನ ವ್ಯತ್ಯಾಸ ತಿಳಿಯಲಿಲ್ಲವಲ್ಲ! ಕಾರಣ, ಆಗಿನ ನಾಪಾದವರು ಬೇಗ ಕೊಯ್ಯುತ್ತಿದ್ದರು. ಅವರ ವೈನಿನಲ್ಲಿ ಆಲ್ಕೊಹಾಲ್ ಸುಮಾರು ಶೇ 13, ಕಣ್ಣ ಮುಂದಿದ್ದ ಮಾದರಿ ಫ್ರಾನ್ಸ್. ನಾಪಾ ಎಂದರೆ ದಪ್ಪ, ಗಾಢ, ಶೇ 15ರ ವೈನ್ ಎಂಬ ಖ್ಯಾತಿ ಗಟ್ಟಿಯಾದದ್ದು 1990ರ ದಶಕದ ನಂತರ. ಅಷ್ಟರಲ್ಲಿ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ ಇಷ್ಟು ಎಂದು ಕೊಡುವ ಅಂಕಗಳು ಮಾರುಕಟ್ಟೆ ಆಳತೊಡಗಿದ್ದವು. ಮಾಗಿದ, ಮೈದುಂಬಿದ ವೈನ್‌ಗಳ ಮೇಲೆ ಆತನ ಒಲವು ಎಲ್ಲರಿಗೂ ಗೊತ್ತಿತ್ತು. ತೊಂಬತ್ತೈದು ದಾಟಿದರೆ ದಾಸ್ತಾನು ಖಾಲಿ. ನಾಪಾದವರು ಕೊಯ್ಲು ತಡಮಾಡಿದರು, ಬೋರ್ಡೊದವರೂ ತಡಮಾಡಿದರು. ಬೋರ್ಡೊದ ಸಲಹೆಗಾರ ಮಿಶೆಲ್ ರೊಲಾಂ ಹತ್ತಾರು ದೇಶಗಳ ವೈನರಿಗಳಿಗೆ ಸಲಹೆ ಹೇಳುತ್ತಿದ್ದರೆ, ಆಸ್ಟ್ರೇಲಿಯಾದ ತರುಣರು ತಮ್ಮಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಫ್ರಾನ್ಸಿಗೆ ಹಾರಿ ಅಲ್ಲಿನ ಸಹಕಾರಿ ವೈನರಿಗಳಿಗೆ ಸ್ವಚ್ಛ ಉಕ್ಕಿನ ತೊಟ್ಟಿ, ತಂಪು ಹುದುಗಿಕೆ ಕಲಿಸಿದರು. ಶೈಲಿಗಳು ಗಡಿ ದಾಟಿ ಬೆರೆತವು. ಈಗ ಗಾಳಿ ಮತ್ತೆ ತಿರುಗಿದೆ. ಕ್ಯಾಲಿಫೋರ್ನಿಯಾದಲ್ಲೂ ಆಸ್ಟ್ರೇಲಿಯಾದಲ್ಲೂ ಬೇಗ ಕೊಯ್ದು ಹಗುರ ವೈನ್ ಮಾಡುವವರ ತಲೆಮಾರೊಂದು ಎದ್ದಿದೆ.

ಬಿಸಿಲೇ ವಲಸೆ ಹೊರಟಾಗ

ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲಿನ ತಾರೀಖುಗಳ ದಾಖಲೆ 1354ರಿಂದ ಸಿಗುತ್ತದೆ. ಇತಿಹಾಸಕಾರರು ಅವನ್ನೆಲ್ಲ ಜೋಡಿಸಿ 2019ರಲ್ಲಿ ಪ್ರಕಟಿಸಿದರು. 1988ರ ನಂತರದ ಕೊಯ್ಲು ಅದಕ್ಕೂ ಹಿಂದಿನ ಆರು ಶತಮಾನಗಳ ಸರಾಸರಿಗಿಂತ 13 ದಿನ ಮುಂಚೆ ಬರುತ್ತಿದೆ. ಸಕ್ಕರೆ ಬೆರೆಸಲು ಅನುಮತಿ ಪಡೆದ ಊರಿನಲ್ಲಿ ಈಗ ಎಷ್ಟೋ ವರ್ಷ ಅದರ ಅಗತ್ಯವೇ ಬೀಳುವುದಿಲ್ಲ. ಬದಲಿಗೆ ಹುಳಿ ಉಳಿಸಿಕೊಳ್ಳುವುದು ಹೇಗೆಂಬ ಚಿಂತೆ.

ಕಟ್ಟಳೆ ಕೂಡ ಕದಲಿದೆ. ಬೋರ್ಡೊ 2021ರಲ್ಲಿ ಆರು ಹೊಸ ತಳಿಗಳಿಗೆ ಬಾಗಿಲು ತೆರೆಯಿತು. ಅವುಗಳಲ್ಲಿ ಪೋರ್ಚುಗಲ್‌ನ ಬಿಸಿಲು ತಾಳುವ ಟೂರಿಗಾ ನಾಸಿಯೊನಾಲ್ ಒಂದು. ತೋಟದ ಶೇ 5ಕ್ಕಿಂತ ಹೆಚ್ಚು ನೆಡುವಂತಿಲ್ಲ, ಮಿಶ್ರಣದಲ್ಲಿ ಶೇ 10 ದಾಟುವಂತಿಲ್ಲ, ಲೇಬಲ್ ಮೇಲೆ ಹೆಸರು ಹಾಕುವಂತಿಲ್ಲ. ಬಂದ ನೆಂಟರನ್ನು ಹಿತ್ತಲ ಬಾಗಿಲಿನಿಂದ ಕರೆದಂತಿದ್ದರೂ ಕರೆದದ್ದಂತೂ ನಿಜ. ಶಾಂಪೇನ್‌ನ ಟೆಟ್ಯಾಂಜೆ ಮನೆತನ 2015ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಜಮೀನು ಕೊಂಡು ಮುಂದೆ ಬಳ್ಳಿ ನೆಟ್ಟಿತು. ಅತ್ತ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ ಬೆಳೆಯುತ್ತಿದೆ. ಸುಡುಬಿಸಿಲಿನಲ್ಲೂ ಹುಳಿ ಬಿಟ್ಟುಕೊಡದ ತಳಿ ಅದು. ಇಂಗ್ಲೆಂಡ್ ಹಳೆಯ ಜಗತ್ತೋ ಹೊಸದೋ? ಕ್ಲೇರ್‌ನ ಅಸಿರ್ಟಿಕೊ ಯಾವುದು? ಪಾಠಪುಸ್ತಕದ ಗೆರೆ ಇಲ್ಲಿ ಅಳಿಸಿಹೋಗುತ್ತದೆ.

ನಂದಿಯ ತಪ್ಪಲಿನ ಪ್ರಶ್ನೆ

ಒಳ್ಳೆಯ ವೈನ್ ದ್ರಾಕ್ಷಿಗೆ 30ರಿಂದ 50 ಡಿಗ್ರಿ ಅಕ್ಷಾಂಶವೇ ಸರಿ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ನಂದಿಬೆಟ್ಟ ಇರುವುದು 13ರಲ್ಲಿ. ಆದರೂ 1988ರಲ್ಲಿ ಕನ್ವಲ್ ಗ್ರೋವರ್, ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ಅದರ ತಪ್ಪಲಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿದರು. 1990ರ ದಶಕದಲ್ಲಿ ಅದೇ ಮಿಶೆಲ್ ರೊಲಾಂ ಇಲ್ಲಿಗೂ ಸಲಹೆಗಾರರಾಗಿ ಬಂದರು. ಅಕ್ಷಾಂಶ ಕೈಕೊಟ್ಟಲ್ಲಿ ಕೈ ಹಿಡಿದದ್ದು ಸಮುದ್ರಮಟ್ಟದಿಂದ 900 ಮೀಟರಿಗೂ ಮೀರಿದ ಎತ್ತರ ಮತ್ತು ಅಲ್ಲಿನ ತಂಪು ರಾತ್ರಿ.

ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಮಲಗಿಸುವ ಚಳಿಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ: ಬೇಸಿಗೆಯಲ್ಲಿ ಒಂದು, ಕಡ್ಡಿ ಬೆಳೆಸಲು, ಮಳೆ ಹಿಂದೆ ಸರಿದಾಗ ಇನ್ನೊಂದು, ಹೂ ಬಿಡಿಸಲು. ಮಳೆಗಾಲದಲ್ಲಿ ಕಾಯಿ ಹಿಡಿದರೆ ರೋಗ ಖಚಿತವೆಂದು ಫಸಲನ್ನು ಒಣಹವೆಗೆ ದೂಡುತ್ತಾರೆ. ಕೊಯ್ಲು ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಹಣ್ಣು ಮಾಗುತ್ತ ಮಾಗುತ್ತ ಬಿಸಿಲು ಏರುತ್ತದೆ. ಬರ್ಗಂಡಿಯಲ್ಲಿ ಶರತ್ಕಾಲ ಹತ್ತಿರವಾಗಿ ತಂಪಿನತ್ತ ಸಾಗುವಾಗ ಹಣ್ಣು ಮಾಗುತ್ತದೆ. ಇಲ್ಲಿ ನಡೆ ತದ್ವಿರುದ್ಧ. ಹುಳಿ ಉಳಿಸುವುದೇ ನಮ್ಮ ವೈನ್ ತಯಾರಕರ ದೊಡ್ಡ ಕಸುಬು. ಬರ್ಗಂಡಿಯವರು ಈಗಷ್ಟೇ ಕಲಿಯತೊಡಗಿದ ಪಾಠ ಇವರಿಗೆ ಮೊದಲ ಫಸಲಿನಿಂದಲೇ ಕಡ್ಡಾಯವಾಗಿತ್ತು.

ನಮ್ಮಲ್ಲೂ ಒಂದು ಹಳೆಯ ದ್ರಾಕ್ಷಿಯಿದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಸುತ್ತ ಬೆಳೆವ, ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬೆಂಗಳೂರು ಬ್ಲೂ. ಅಮೆರಿಕದ ಲಬ್ರುಸ್ಕ ವಂಶದ ಈ ಹಣ್ಣಿನ ಗಾಢ ವಾಸನೆ ಒಳ್ಳೆಯ ವೈನಿಗೆ ಒಗ್ಗದೆಂದು ಅಗ್ಗದ ಸಿಹಿ ವೈನಿಗಷ್ಟೇ ಬಳಸಿದರು. ಫ್ರಾನ್ಸ್ ಕೂಡ ಈ ವಂಶದ ಹಲವು ತಳಿಗಳನ್ನು 1930ರ ದಶಕದಲ್ಲಿ ನಿಷೇಧಿಸಿತ್ತು. 2007ರಲ್ಲಿ ರಾಜ್ಯ ತಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ವಲಯಗಳನ್ನೇನೋ ಗುರುತಿಸಿತು. ಅದು ಉದ್ಯಮ ಬೆಳೆಸುವ ನೀತಿ. ನಂದಿಯ ವೈನ್ ಎಂದರೆ ಯಾವ ದ್ರಾಕ್ಷಿ, ಎಂಥ ರುಚಿ ಎಂದು ಹೇಳುವ ಗೋಜಿಗೆ ಅದು ಹೋಗುವುದಿಲ್ಲ.

ಹೋಗದಿರುವುದೇ ಸದ್ಯಕ್ಕೆ ಒಳ್ಳೆಯದು. ಫ್ರಾನ್ಸ್ ಶತಮಾನಗಳ ಕಾಲ ನೆಟ್ಟು, ಕಿತ್ತು, ಕಂಡದ್ದನ್ನು ಕೊನೆಗೆ ಕಟ್ಟಳೆಯಾಗಿ ಬರೆಯಿತು. ಬರೆದ ಮೇಲೆ ಬಿಸಿಲು ಬದಲಾಗಿ ತಿದ್ದಲು ತಿಣುಕುತ್ತಿದೆ. ಆಸ್ಟ್ರೇಲಿಯಾ ಬರೆಯದೆ ಬಿಟ್ಟಿದ್ದರಿಂದ ಬೇಕೆನಿಸಿದ ತಳಿಯನ್ನು ಬೇಗ ನೆಡುತ್ತಿದೆ, ಆದರೆ ಅಲ್ಲಿಯವರೂ ಈಗೀಗ ಒಂದೊಂದು ತೋಟದ ಹೆಸರನ್ನು ಲೇಬಲ್ ಮೇಲೆ ಎತ್ತಿ ಹೇಳುತ್ತಿದ್ದಾರೆ. ಇಬ್ಬರೂ ಎದುರುಬದುರು ದಾರಿಯಿಂದ ನಡುವಿಗೆ ಬರುತ್ತಿದ್ದಾರೆ. ಬಾಟಲಿ ಕೈಗೆತ್ತಿಕೊಂಡವರು ದೇಶ ಹಳೆಯದೋ ಹೊಸದೋ ಎಂದು ಕೇಳುವುದಕ್ಕಿಂತ ಆ ಊರಿನ ರಾತ್ರಿ ಎಷ್ಟು ತಂಪು, ಹಣ್ಣು ಯಾವಾಗ ಕೊಯ್ದರು, ಅದನ್ನು ತೀರ್ಮಾನಿಸಿದ್ದು ನಿಯಮವೋ ಮಾರುಕಟ್ಟೆಯೋ ಎಂದು ಕೇಳಿಕೊಳ್ಳಲಿ. ಲೇಬಲ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಆಲ್ಕೊಹಾಲ್ ಪ್ರಮಾಣ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಉಳಿದರ್ಧವನ್ನು ನಾಲಿಗೆಯೇ ಹೇಳಬೇಕು.